ಗೇಲಿಕ್ ಸರ್‌ನೇಮ್‌ನ ಮೂಲ, ಅರ್ಥ, ಹರಡಿಕೆ ಹುಡುಕುವುದು ಹೇಗೆ: ‘ಕೆಲ್ಲಿ’ ಹೆಸರಿನ ಜೊತೆ ಹೆಜ್ಜೆ ಹೆಜ್ಜೆಯಾಗಿ

ಗೇಲಿಕ್ ಸರ್‌ನೇಮ್ ಒಂದರ ಬೆನ್ನು ಹತ್ತಿದವರು ಪದೇ ಪದೇ ಎಡವುವುದು ಒಂದೇ ಜಾಗದಲ್ಲಿ. (ಗೇಲಿಕ್ ಅಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಮತ್ತು ಇವುಗಳ ನಡುವಿನ ಮ್ಯಾನ್ ದ್ವೀಪದ ಹಳೆಯ ನುಡಿಗಳ ಗುಂಪು, ಐರಿಶ್ ಅದರಲ್ಲಿ ಒಂದು.) ಮೊದಲೇ ಅರ್ಥ ಹುಡುಕುತ್ತಾರೆ. ಯಾವುದೋ ಪುಟದಲ್ಲಿ ‘ಯೋಧ’ ಅಂತ ಸಿಗುತ್ತದೆ, ಖುಷಿಯಾಗುತ್ತದೆ, ಆಮೇಲೆ ಆ ಯೋಧನಿಗೆ ಒಂದು ಕೋಟೆ, ಒಂದು ಲಾಂಛನ, ಒಂದು ರಾಜವಂಶ ಎಲ್ಲವನ್ನೂ ತಾವೇ ಅಂಟಿಸುತ್ತಾ ಹೋಗುತ್ತಾರೆ. ಆರು ತಿಂಗಳು ಕಳೆದ ಮೇಲೆ ಅಜ್ಜನ ಊರು ಬೇರೆಯೇ ಅಂತ ಗೊತ್ತಾದಾಗ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಕ್ರಮ ಉಲ್ಟಾ ಇರಬೇಕು. ಮೊದಲು ಕಾಗುಣಿತ, ಆಮೇಲೆ ಊರು, ಆಮೇಲೆ ಗೇಲಿಕ್ ರೂಪ, ಆಮೇಲೆ ಯಾವ ಕುಲ ಅನ್ನುವ ಪ್ರಶ್ನೆ. ಅರ್ಥಕ್ಕೆ ಐದನೇ ಜಾಗ.

ಇಲ್ಲಿ ಉದಾಹರಣೆಗೆ ‘ಕೆಲ್ಲಿ’ ತೆಗೆದುಕೊಂಡಿದ್ದೇನೆ, ಏಕೆಂದರೆ ಬೀಳಬಹುದಾದ ಎಲ್ಲ ಗುಂಡಿಗಳೂ ಈ ಒಂದೇ ಹೆಸರಿನಲ್ಲಿ ಇವೆ. ಇನ್ನೊಂದು ಕಾರಣ ಸ್ವಂತದ್ದು. ಬೆಂಗಳೂರು ಕಂಟೋನ್ಮೆಂಟ್ ಕಡೆಯ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರ ಹೆಸರು ಇದು. ನಾವೆಲ್ಲ ಅವರನ್ನು ಅಂಕಲ್ ಅಂತಲೇ ಕರೆಯುವುದು. ಅವರಿಗೆ ಸಹಾಯ ಮಾಡುತ್ತೇನೆ ಅಂತ ಹೋಗಿ, ನಾನೇ ಈ ಗುಂಡಿಗಳಲ್ಲಿ ಎರಡಕ್ಕೆ ಬಿದ್ದೆ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ಎಕ್ಸೆಲ್ ಶೀಟು ಸಾಕು. ಕಾಲಂ ಐದು: ವರ್ಷ, ಹೆಸರು ಬರೆದಿರುವ ರೀತಿ ಅಕ್ಷರ ಬಿಡದೆ, ಊರು, ದಾಖಲೆ ಯಾವುದು, ನಿಮಗೆ ಎಷ್ಟು ನಂಬಿಕೆ. ಕೊನೆಯ ಕಾಲಂ ಬಿಡಬೇಡಿ. ‘ಅಜ್ಜಿ ಹೇಳಿದ್ದು’ ಮತ್ತು ‘ಚರ್ಚ್ ರಿಜಿಸ್ಟರ್‌ನಲ್ಲಿ ಕಣ್ಣಾರೆ ನೋಡಿದ್ದು’ ಒಂದೇ ತೂಕದ ಮಾತಲ್ಲ.

ಐರ್ಲೆಂಡ್‌ನ ಹಳೆಯ ಕೌಂಟಿ ನಕ್ಷೆ ಒಂದನ್ನು ಇಳಿಸಿಕೊಳ್ಳಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದು. ಒಟ್ಟು 32 ಕೌಂಟಿ ಇರುವ ನಕ್ಷೆಯೇ ಬೇಕು. ಈಗಿನ ಗಣರಾಜ್ಯದ 26 ಮಾತ್ರ ಇರುವ ನಕ್ಷೆ ಸಾಲದು.

ದುಡ್ಡು ಈಗಲೇ ಕಟ್ಟಬೇಡಿ. ಐರಿಶ್ ದಾಖಲೆಗಳಲ್ಲಿ ಮುಖ್ಯವಾದವು ಬಿಟ್ಟಿಯಾಗಿ ಸಿಗುತ್ತವೆ. ಸ್ಕಾಟ್ಲೆಂಡ್ ದಾಖಲೆಗಳಿಗೆ ಮಾತ್ರ ಬಹುಪಾಲು ಕಡೆ ಚಿತ್ರಕ್ಕಿಷ್ಟು ಅಂತ ಕೊಡಬೇಕಾಗುತ್ತದೆ.

1. ಕಾಗುಣಿತಗಳನ್ನೆಲ್ಲ ಗುಡ್ಡೆ ಹಾಕಿ

ಈಗ ಮನೆಯವರು ಬರೆಯುವ ಸ್ಪೆಲಿಂಗ್ ಒಂದನ್ನೇ ಹಿಡಿದು ಹುಡುಕಬೇಡಿ. ಹಳ್ಳಿಯ ಪಾದ್ರಿಯೋ ಸೇನೆಯ ಗುಮಾಸ್ತನೋ ಕಿವಿಗೆ ಬಿದ್ದದ್ದನ್ನು ಬರೆದುಕೊಂಡಿರುತ್ತಾನೆ. ಹೆಸರಿನವನಿಗೆ ಓದಲು ಬರದಿದ್ದರೆ ತಿದ್ದುವವರು ಯಾರು?

ಕೆಲ್ಲಿಗೆ ನಾನು ಹಾಕಿಕೊಂಡ ಪಟ್ಟಿ ಇದು: ಕೆಲ್ಲಿ, ಓಕೆಲ್ಲಿ, ಕೊನೆಯಲ್ಲಿ ಒಂದು ‘ಇ’ ಅಕ್ಷರ ಜಾಸ್ತಿ ಇರುವ ಕೆಲ್ಲಿ, ಕೀಲಿ, ಕೈಲಿ, ಕ್ವೀಲಿ, ಕಿಲ್‌ಕೆಲ್ಲಿ. ಕೈಬರಹದ ಇಂಗ್ಲಿಷ್ ‘ಕೆ’ ಅಕ್ಷರ ಕೆಲವೊಮ್ಮೆ ‘ಆರ್’ ಥರ ಕಾಣುತ್ತದೆ, ಹಾಗಾಗಿ ರೈಲಿಯನ್ನೂ ಒಮ್ಮೆ ಹಾಕಿ ನೋಡಿ.

ಇಲ್ಲಿ ಎರಡು ಹಳೆಯ ಮೂಢನಂಬಿಕೆ ಬಿಡಬೇಕು. ಹೆಸರಿನ ಮುಂದೆ ‘ಓ’ ಇದ್ದರೆ ದೊಡ್ಡ ಮನೆತನ, ಇಲ್ಲದಿದ್ದರೆ ಸಾಮಾನ್ಯರು ಅನ್ನುವುದು ಒಂದು. ಇಂಗ್ಲಿಷರ ಆಳ್ವಿಕೆಯಲ್ಲಿ ಆ ‘ಓ’ ಉದುರಿತು, 19ನೇ ಶತಮಾನದ ಕೊನೆಗೆ ಗೇಲಿಕ್ ಅಭಿಮಾನ ಎದ್ದಾಗ ಕೆಲವು ಮನೆಗಳು ಅದನ್ನು ಮತ್ತೆ ಹಚ್ಚಿಕೊಂಡವು, ಕೆಲವು ಹಚ್ಚಿಕೊಳ್ಳಲಿಲ್ಲ. ಅಷ್ಟೇ ಕಥೆ. ಎರಡನೆಯದು, ‘ಮ್ಯಾಕ್’ ಅಂತ ಪೂರ್ತಿ ಬರೆದರೆ ಸ್ಕಾಟಿಶ್, ಎಮ್‌ಸಿ ಅಂತ ಮೊಟಕಾಗಿ ಬರೆದರೆ ಐರಿಶ್ ಅನ್ನುವುದು. ಇದು ಶುದ್ಧ ಸುಳ್ಳು. ಮೊಟಕು ಮಾಡಿದ್ದು ಗುಮಾಸ್ತನ ಕೈ ಉಳಿಸಲು.

2. ಊರು ಸಿಗುವ ತನಕ ಹಿಂದೆ ಹೋಗಿ

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ನಿಮಗೆ ಬೇಕಾದ್ದು ‘ಐರ್ಲೆಂಡ್’ ಅಲ್ಲ, ಕೌಂಟಿ. ಕೌಂಟಿಗಿಂತ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರುಗಳು, ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಟೌನ್‌ಲ್ಯಾಂಡ್. ಇದು ಐರ್ಲೆಂಡ್‌ನಲ್ಲಿ ಜಮೀನಿನ ಅತಿ ಚಿಕ್ಕ ಗಡಿ, ಇಂಥವು 60 ಸಾವಿರಕ್ಕೂ ಹೆಚ್ಚಿವೆ. ಹೆಸರಿನಲ್ಲಿ ‘ಟೌನ್’ ಇದೆ ಅಂತ ಪಟ್ಟಣ ಅಂದುಕೊಳ್ಳಬೇಡಿ, ಎಷ್ಟೋ ಕಡೆ ನಾಲ್ಕು ಮನೆ ಮತ್ತು ಒಂದು ಜೌಗು ಇರುತ್ತದೆ.

ಹೊಸದರಿಂದ ಹಳೆಯದಕ್ಕೆ ಹೋಗಿ. ಮೊದಲು 1911 ಮತ್ತು 1901ರ ಜನಗಣತಿ. ಇವೆರಡೂ ಐರ್ಲೆಂಡ್‌ನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಬಿಟ್ಟಿ. ಅದಕ್ಕೂ ಹಿಂದಿನ ಜನಗಣತಿ ಹುಡುಕುತ್ತಾ ಕೂತು ರಾತ್ರಿ ಹಾಳು ಮಾಡಿಕೊಳ್ಳಬೇಡಿ. 1821ರಿಂದ 1851ರವರೆಗಿನ ನಾಲ್ಕು ಬಹುಪಾಲು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಬೆಂಕಿಯಲ್ಲಿ ಹೋದವು. 1861 ಮತ್ತು 1871ರದ್ದನ್ನು ಲೆಕ್ಕ ತೆಗೆದ ಮೇಲೆ ಸರ್ಕಾರವೇ ನಾಶ ಮಾಡಿತು. 1881 ಮತ್ತು 1891ರದ್ದು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಯಿತು.

ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ ಎಲ್ಲರಿಗೂ ಶುರುವಾದದ್ದು 1864ರಲ್ಲಿ. ಕ್ಯಾಥೊಲಿಕ್ ಅಲ್ಲದವರ ಮದುವೆಗಳು ಮಾತ್ರ 1845ರಿಂದಲೇ ಇವೆ. ಅದಕ್ಕೂ ಹಿಂದೆ ಹೋಗಬೇಕಾದರೆ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್‌ಗಳು. ಡಬ್ಲಿನ್‌ನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಇವುಗಳ ಚಿತ್ರಗಳನ್ನು ಬಿಟ್ಟಿ ತೋರಿಸುತ್ತಿದೆ. ಬರಹ ಲ್ಯಾಟಿನ್‌ನಲ್ಲಿ ಇರಬಹುದು, ಜಾನ್ ಎಂಬವನು ಅಲ್ಲಿ ಯೊಹಾನೆಸ್ ಆಗಿರುತ್ತಾನೆ, ಹೆದರಬೇಡಿ. ನಡುವಿನ ಕಾಲಕ್ಕೆ ಗ್ರಿಫಿತ್ ವ್ಯಾಲ್ಯುಯೇಶನ್ ಇದೆ, 1847ರಿಂದ 1864ರ ನಡುವೆ ಮಾಡಿದ ಆಸ್ತಿ ತೆರಿಗೆಯ ಪಟ್ಟಿ. ನಮ್ಮ ಪಹಣಿ ನೋಡಿ ಅಭ್ಯಾಸ ಇದ್ದವರಿಗೆ ಇದು ಬೇಗ ಒಗ್ಗುತ್ತದೆ: ಯಾರು ಹಿಡುವಳಿದಾರ, ಯಾರಿಂದ ಪಡೆದದ್ದು, ಎಷ್ಟು ಎಕರೆ, ಎಷ್ಟು ಬೆಲೆ. ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ, ಹೆಂಡತಿ ಮಕ್ಕಳದ್ದು ಇರುವುದಿಲ್ಲ.

ಅಮೆರಿಕ ಅಥವಾ ಆಸ್ಟ್ರೇಲಿಯಕ್ಕೆ ಹೋದ ಕುಟುಂಬವಾದರೆ ಮೊದಲು ಸಮಾಧಿ ಕಲ್ಲು ನೋಡಿ. ದೇಶ ಬಿಟ್ಟವರು ಕಲ್ಲಿನ ಮೇಲಾದರೂ ಕೌಂಟಿ ಹೆಸರು ಕೆತ್ತಿಸಿಕೊಂಡಿರುತ್ತಾರೆ.

ಭಾರತಕ್ಕೆ ಬಂದ ಸೈನಿಕನ ಕುಟುಂಬವಾದರೆ ದಾರಿ ಬೇರೆ. ಬೆಂಗಳೂರು ಕಂಟೋನ್ಮೆಂಟಿನ ಚರ್ಚುಗಳು ಮದ್ರಾಸಿನ ಅಡಿ ಬರುತ್ತಿದ್ದವು. ಹಾಗಾಗಿ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪ್ರತಿಗಳನ್ನು ಲಂಡನ್‌ನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಎನ್/2 ಎಂಬ ಮದ್ರಾಸ್ ಸರಣಿಯಲ್ಲಿ ಹುಡುಕಬೇಕು. ‘ಮೈಸೂರು’ ಅಂತ ಹುಡುಕಿ ಏನೂ ಸಿಗಲಿಲ್ಲ ಎಂದು ಕೈಬಿಟ್ಟವರು ಬೇಕಾದಷ್ಟು ಜನ. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸೊಸೈಟಿ ಫಿಬಿಸ್‌ನ ಬಿಟ್ಟಿ ಸೂಚಿಯನ್ನೂ ಮೊದಲು ಒಮ್ಮೆ ನೋಡಿ.

ಸೈನಿಕ ಬ್ರಿಟಿಷ್ ರಾಣಿಯ ಸೈನ್ಯದವನೋ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದವನೋ ಅನ್ನುವುದನ್ನೂ ತಿಳಿದುಕೊಳ್ಳಿ. ರಾಣಿಯ ಸೈನ್ಯದವನ ನಿವೃತ್ತಿ ಕಾಗದ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಇರುತ್ತದೆ. ಕಂಪನಿಯವನದ್ದು ಇಂಡಿಯಾ ಆಫೀಸ್ ಕಡೆ. ಐರಿಶ್ ಹುಡುಗರು ಎರಡರಲ್ಲೂ ಇದ್ದರು. ಕಂಪನಿ ಕಾಲದ ಮದ್ರಾಸ್ ಮತ್ತು ಬಾಂಬೆಯ ಯುರೋಪಿಯನ್ ಪಡೆಗಳೇ ಮುಂದೆ 1881ರಲ್ಲಿ ಸೇರಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಆದವು.

ಅಂಕಲ್ ಮನೆಯಲ್ಲಿ ಇದ್ದದ್ದು ಇಂಥದೇ ಒಂದು ನಿವೃತ್ತಿ ಕಾಗದದ ಜೆರಾಕ್ಸ್. ಬಿಸ್ಕೆಟ್ ಡಬ್ಬಿಯಲ್ಲಿ, ರೇಷನ್ ಕಾರ್ಡಿನ ಕೆಳಗೆ. ಅಚ್ಚಾದ ಸಾಲಿನ ನಡುವೆ ಖಾಲಿ ಜಾಗ ಬಿಟ್ಟು, ಅಲ್ಲಿ ಶಾಯಿಯಲ್ಲಿ ತುಂಬಿಸಿರುತ್ತಾರೆ: ಇಂಥ ಪ್ಯಾರಿಷ್‌ನಲ್ಲಿ, ಇಂಥ ಪಟ್ಟಣದ ಒಳಗೆ ಅಥವಾ ಹತ್ತಿರ, ಇಂಥ ಕೌಂಟಿಯಲ್ಲಿ ಹುಟ್ಟಿದವನು. ಮೊದಲ ಎರಡು ಜಾಗದಲ್ಲಿ ‘ಅಬೀಲೀಶ್’ ಅಂತಿತ್ತು. ಮೂರನೆಯದರಲ್ಲಿ ‘ಕ್ವೀನ್ಸ್’. ನಾನು ಅದನ್ನು ನ್ಯೂಯಾರ್ಕ್‌ನ ಕ್ವೀನ್ಸ್ ಅಂದುಕೊಂಡು ಒಂದು ವಾರ ಅಮೆರಿಕದ ಹಡಗುಗಳ ಪಟ್ಟಿ ಹುಡುಕಿದೆ. ನಾನು ಬಿದ್ದ ಎರಡು ಗುಂಡಿಗಳಲ್ಲಿ ಇದು ಒಂದು. ಕ್ವೀನ್ಸ್ ಕೌಂಟಿ ಅಂದರೆ ಈಗಿನ ಲೀಶ್. ಕಿಂಗ್ಸ್ ಕೌಂಟಿ ಅಂದರೆ ಈಗಿನ ಆಫಲಿ. ಐರ್ಲೆಂಡ್ ಸ್ವತಂತ್ರವಾಗುವ ಹೊತ್ತಿಗೆ ಎರಡೂ ಹೆಸರು ಬದಲಾದವು. ಹಳೆಯ ಕೌಂಟಿ ನಕ್ಷೆ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

3. ಗೇಲಿಕ್ ರೂಪ ಹಿಡಿಯಿರಿ

ಊರು ಸಿಕ್ಕಿತಾ? ಈಗ ಇಂಗ್ಲಿಷ್ ವೇಷ ಕಳಚಬಹುದು.

ವ್ಯಾಕರಣ ಸ್ವಲ್ಪ ಸಾಕು. ‘ಓ’ ಅಂದರೆ ಮೊಮ್ಮಗ, ಹಾಗೆಯೇ ವಂಶದವನು. ‘ಮ್ಯಾಕ್’ ಅಂದರೆ ಮಗ. ಅದರ ಮುಂದೆ ಬರುವ ಮೂಲಪುರುಷನ ಹೆಸರಿಗೆ ಷಷ್ಠಿ ವಿಭಕ್ತಿ ಹತ್ತುತ್ತದೆ. ರಾಮ ಎಂಬುದು ‘ರಾಮನ’ ಆದ ಹಾಗೆ ‘ಕ್ಯಾಲಖ್’ ಎಂಬ ಹೆಸರು ‘ಕ್ಯಾಲಿ’ ಆಗುತ್ತದೆ. ಓ ಕ್ಯಾಲಿ, ಅಂದರೆ ಕ್ಯಾಲಖನ ವಂಶದವನು. ಇದೇ ಇಂಗ್ಲಿಷರ ಬಾಯಲ್ಲಿ ಕೆಲ್ಲಿ.

ಹೆಂಗಸರ ಹೆಸರು ಬೇರೆ ಥರ ಇರುತ್ತದೆ, ಇಲ್ಲಿ ತುಂಬ ಜನ ತಪ್ಪುತ್ತಾರೆ. ಮಗಳಾದರೆ ‘ಓ’ ಬದಲು ‘ನೀ’, ಹೆಂಡತಿಯಾದರೆ ‘ಈ’. ಮೂಲಪುರುಷನ ಹೆಸರಿನ ಮೊದಲ ವ್ಯಂಜನವೂ ಮೆತ್ತಗಾಗಿ ‘ಕ್ಯಾಲಿ’ ಅನ್ನುವುದು ‘ಹ್ಯಾಲಿ’ ಥರ ಕೇಳುತ್ತದೆ. ಮ್ಯಾಕ್ ಹೆಸರಿನ ಮನೆಯ ಮಗಳು ‘ನಿಕ್’. ಅಣ್ಣ ಒಂದು ಸರ್‌ನೇಮ್, ತಂಗಿ ಇನ್ನೊಂದು ಅಂತ ಕಂಡರೆ ಎರಡು ಕುಟುಂಬ ಅಂದುಕೊಳ್ಳಬೇಡಿ.

ಐರಿಶ್ ಹೆಸರುಗಳಿಗೆ ಪ್ಯಾಟ್ರಿಕ್ ವುಲ್ಫ್ 1923ರಲ್ಲಿ ತಂದ ಸರ್‌ನೇಮ್ ಕೋಶ ಮತ್ತು ಎಡ್ವರ್ಡ್ ಮ್ಯಾಕ್‌ಲೈಸಾಟ್ ಬರೆದ ಪುಸ್ತಕಗಳು, ಸ್ಕಾಟಿಶ್ ಹೆಸರುಗಳಿಗೆ ಜಾರ್ಜ್ ಬ್ಲ್ಯಾಕ್‌ನ 1946ರ ಕೋಶ. ವುಲ್ಫ್ ರೂಪ ಕೊಡುವುದರಲ್ಲಿ ಗಟ್ಟಿ, ಅರ್ಥ ಕೊಡುವಾಗ ಸ್ವಲ್ಪ ಧಾರಾಳಿ. ಮ್ಯಾಕ್‌ಲೈಸಾಟ್ ಊರಿನ ವಿಷಯದಲ್ಲಿ ಗಟ್ಟಿ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿ.

ಇನ್ನೊಂದು ಕಿರುದಾರಿ ಇದೆ. 1911ರ ಜನಗಣತಿಯಲ್ಲಿ ಕೆಲವು ಮನೆಯವರು ಹಟ ಹಿಡಿದು ಫಾರಮ್ಮನ್ನು ಐರಿಶ್‌ನಲ್ಲೇ ತುಂಬಿದ್ದಾರೆ. ನಿಮ್ಮ ಊರಿನ ಅಕ್ಕಪಕ್ಕದಲ್ಲಿ ಅದೇ ಹೆಸರಿನ ಅಂಥ ಒಂದು ಫಾರಂ ಸಿಕ್ಕರೆ, ಆ ಊರಿನ ಜನ ತಮ್ಮ ಹೆಸರನ್ನು ಹೇಗೆ ಬರೆಯುತ್ತಿದ್ದರು ಅಂತ ನೇರವಾಗಿ ಕಾಣುತ್ತದೆ.

ಈಗ ಅಪಾಯದ ಜಾಗ. ಗೇಲಿಕ್ ಹೆಸರು ಇಂಗ್ಲಿಷ್ ಆದದ್ದು ಒಂದೇ ಥರದಲ್ಲಿ ಅಲ್ಲ. ಒಮ್ಮೆ ಉಚ್ಚಾರ ಹಿಡಿದು ಬರೆದರು, ಒಮ್ಮೆ ಅನುವಾದ ಮಾಡಿದರು, ಒಮ್ಮೆ ತಪ್ಪು ಅನುವಾದ ಮಾಡಿದರು. ಮ್ಯಾಕ್ ಗೌನ್ ಅಂದರೆ ಕಮ್ಮಾರನ ಮಗ. ಕ್ಯಾವನ್ ಕೌಂಟಿಯಲ್ಲಿ ಅದು ಸೀದಾ ಸ್ಮಿತ್ ಆಯಿತು, ಹಾಗಾಗಿ ಅಲ್ಲಿಯ ಎಷ್ಟೋ ಸ್ಮಿತ್‌ಗಳು ಇಂಗ್ಲಿಷರಲ್ಲ. ಮ್ಯಾಕ್ ಅನ್ ತೀರ್ ಅಂದರೆ ಬಡಗಿಯ ಮಗ. ಅದು ಮ್ಯಾಕಿಂಟೈರ್ ಆಯಿತು, ಕಾರ್ಪೆಂಟರ್ ಆಯಿತು. ಈ ‘ತೀರ್’ನ ಮೂಲ ರೂಪ ‘ಸೀರ್’, ಅಂದರೆ ಬಡಗಿ. ಅದೇ ಪದಕ್ಕೆ ಸ್ವತಂತ್ರ ಅಂತಲೂ ಅರ್ಥ ಇರುವುದರಿಂದ ಕೆಲವು ಕಡೆ ಫ್ರೀಮನ್ ಕೂಡ ಆಯಿತು! ಫ್ರೀಮನ್ ಅಂದರೆ ಜೀತದಿಂದ ಬಿಡುಗಡೆಯಾದವನು ಅಂತ ಕಥೆ ಕಟ್ಟಿದರೆ ಬಡಗಿಯ ಉಳಿ ಸುಮ್ಮನೆ ಬಿಡುತ್ತದೆಯೇ?

ರಾಬರ್ಟ್ ಮ್ಯಾಥ್ಸನ್ ಎಂಬ ಅಧಿಕಾರಿ 1890ರ ಹೊತ್ತಿಗೆ ಡಬ್ಲಿನ್‌ನಲ್ಲಿ ಇಂಥ ಜೋಡಿಗಳ ಪಟ್ಟಿ ಮಾಡಿದ. ಒಂದೇ ಮನೆಯವರು ಒಂದು ದಾಖಲೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಕೊಡುತ್ತಿದ್ದರಿಂದ ನೋಂದಣಿ ಗುಮಾಸ್ತರಿಗೆ ತಲೆ ಕೆಟ್ಟುಹೋಗಿತ್ತು. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಒಮ್ಮೆ ನೋಡಲೇಬೇಕು.

ಮ್ಯಾನ್ ದ್ವೀಪದ ಹೆಸರುಗಳಿಗೆ ಬೇರೆ ಬೀಗದಕೈ ಬೇಕು. ಅಲ್ಲಿ ‘ಮ್ಯಾಕ್’ ಸವೆದು ಸವೆದು ಕೊನೆಯ ‘ಕ್’ ಮಾತ್ರ ಉಳಿದು ಮುಂದಿನ ಹೆಸರಿಗೆ ಅಂಟಿಕೊಂಡಿತು. ಮ್ಯಾಕ್ ವಿಲಿಯಂ ಹೋಗಿ ಕ್ವಿಲಿಯಂ, ಮ್ಯಾಕ್ ಡರ್ಮಟ್ ಹೋಗಿ ಕರ್ಮೋಡ್. ಇದರಲ್ಲಿ ನಮಗೆಲ್ಲ ಗೊತ್ತಿರುವ ಒಂದು ಹೆಸರಿದೆ: ಕಬ್ಬನ್. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮ್ಯಾನ್ ದ್ವೀಪದ ಮಾಗ್‌ಹೋಲ್ಡ್ ಕಡೆಯವರು. ಅವರ ಮನೆತನದ ಹೆಸರನ್ನು ಮ್ಯಾಕ್ ಗಿಬ್ಬನ್ ಅಂತ ಬಿಡಿಸುತ್ತಾರೆ. ಗಿಬ್ಬನ್ ಅಂದರೆ ಗಿಲ್ಬರ್ಟ್‌ನ ಮುದ್ದಿನ ರೂಪ. ಗಿಲ್ಬರ್ಟ್ ನಾರ್ಮನ್ನರ ಜೊತೆ ಬಂದ ಹೆಸರು, ಮ್ಯಾಕ್ ಗೇಲಿಕ್. ಅಂದರೆ ಗೇಲಿಕ್ ಸರ್‌ನೇಮ್‌ನ ಒಳಗಿನ ಹೆಸರು ಗೇಲಿಕ್ ಆಗಿರಲೇಬೇಕು ಅಂತಿಲ್ಲ. ಕಬ್ಬನ್ ಪಾರ್ಕಿನಲ್ಲಿ ವಾಕ್ ಮಾಡುವಾಗ ನೆನಪಿಗೆ ಬಂದರೆ ಪಕ್ಕದವರಿಗೆ ಹೇಳಿ.

ಮೆಕೆಂಜಿಯದ್ದು ಇನ್ನೊಂದು ತಮಾಷೆ. ಕೈಫಿಯತ್ತುಗಳನ್ನು ಕೂಡಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡ್‌ನ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವರು. ಗೇಲಿಕ್‌ನಲ್ಲಿ ಅವರ ಹೆಸರು ಮ್ಯಾಕ್ ಕೊನ್ಯಿಖ್, ಕೆನೆತ್‌ನ ಮಗ. ಅದರಲ್ಲಿ ‘ಝ’ ಸದ್ದೇ ಇಲ್ಲ. ಹಳೆಯ ಸ್ಕಾಟ್ ಬರಹದಲ್ಲಿ ‘ಯ’ ಥರದ ಸದ್ದಿಗೆ ಯೋಗ್ ಎಂಬ ಅಕ್ಷರ ಇತ್ತು. ಅಚ್ಚುಮೊಳೆಯಲ್ಲಿ ಅದು ಇಲ್ಲದ್ದರಿಂದ ನೋಡಲು ಹತ್ತಿರವಿದ್ದ ‘ಝೆಡ್’ ಹಾಕಿದರು, ಜನ ಕಂಡದ್ದನ್ನೇ ಓದಿದರು. ಇಂಗ್ಲಿಷ್ ಸ್ಪೆಲಿಂಗ್ ಹಿಡಿದು ಅರ್ಥ ಒಡೆಯಬೇಡಿ ಅಂತ ನಾನು ಗೋಗರೆಯುವುದು ಇದಕ್ಕೇ.

4. ಒಂದೇ ಹೆಸರು, ಹಲವು ಕುಲ: ನಿಮ್ಮದು ಯಾವುದು?

ಕ್ಯಾಲಖ್ ಅನ್ನುವುದು ಹಳೆಯ ಐರ್ಲೆಂಡ್‌ನಲ್ಲಿ ತುಂಬ ಜನ ಇಟ್ಟುಕೊಂಡ ಹೆಸರು. 1129ರಲ್ಲಿ ತೀರಿಕೊಂಡ ಆರ್ಮಾದ ಆರ್ಚ್‌ಬಿಷಪ್ ಹೆಸರೂ ಇದೇ. ಬೇರೆ ಬೇರೆ ಕಡೆಯ ಬೇರೆ ಬೇರೆ ಕ್ಯಾಲಖರಿಂದ ಬೇರೆ ಬೇರೆ ಓ ಕ್ಯಾಲಿ ಕುಲಗಳು ಹುಟ್ಟಿದವು, ಒಂದಕ್ಕೊಂದು ರಕ್ತಸಂಬಂಧ ಇಲ್ಲದೆ.

ಎಲ್ಲಕ್ಕಿಂತ ದೊಡ್ಡದು ‘ಈ ವಾನ್ಯ’ ಎಂಬ ಸೀಮೆಯ ಕುಲ. ಈಗಿನ ಪೂರ್ವ ಗಾಲ್ವೇ ಮತ್ತು ದಕ್ಷಿಣ ರಾಸ್ಕಾಮನ್ ಅಂದುಕೊಳ್ಳಿ. ಇವರ ರಾಜ ತೈಗ್ ಮೋರ್ ಓ ಕ್ಯಾಲಿ 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ. ಇವರದು ಬಿಟ್ಟು ಮೀಥ್ ಕಡೆಯ ಬ್ರೇಗದಲ್ಲಿ ಒಂದು ಕುಲ, ಲೀಶ್‌ನಲ್ಲಿ ಒಂದು, ಉತ್ತರದ ಡೆರಿ ಕಡೆ ಒಂದು. ಮ್ಯಾನ್ ದ್ವೀಪದ ಕೆಲ್ಲಿಗಳು ಓ ಅಲ್ಲವೇ ಅಲ್ಲ, ಮ್ಯಾಕ್ ಕ್ಯಾಲಿ. ಗಾಲ್ವೇಯ ಕಿಲ್‌ಕೆಲ್ಲಿಗಳು ಮ್ಯಾಕ್ ಗಿಲ್ಲ ಹ್ಯಾಲಿ, ಅಂದರೆ ಸಂತ ಕ್ಯಾಲಖನ ಭಕ್ತನ ಮಗ. ಲೀಶ್ ಮತ್ತು ಕಿಲ್ಕೆನಿ ಕಡೆ ಓ ಕೀಲಿ ಅನ್ನುವ ಬೇರೆಯದೇ ಹೆಸರಿದೆ, ಕಿವಿಗೆ ಕೆಲ್ಲಿಯ ಹತ್ತಿರ. ಇಂಗ್ಲಿಷ್ ಗುಮಾಸ್ತನ ಕೈಯಲ್ಲಿ ಎರಡೂ ಕಲಸಿಹೋಗುವುದು ಸುಲಭ.

ಇಷ್ಟು ಸಾಲದು ಅಂತ, ಗೇಲಿಕ್ಕೇ ಅಲ್ಲದ ಕೆಲ್ಲಿಗಳೂ ಇದ್ದಾರೆ. ಇಂಗ್ಲೆಂಡ್‌ನ ಡೆವನ್‌ನಲ್ಲಿ ಕೆಲ್ಲಿ ಅಂತ ಊರಿದೆ. ಅದು ಪಕ್ಕದ ಕಾರ್ನಿಶ್ ನುಡಿಯ ‘ತೋಪು’ ಅನ್ನುವ ಪದ. ಸ್ಕಾಟ್ಲೆಂಡ್‌ನ ಅರ್‌ಬ್ರೋತ್ ಹತ್ತಿರವೂ ಕೆಲ್ಲಿ ಎಂಬ ಜಾಗ ಇದೆ, ಆ ಜಾಗದಿಂದ ಹೆಸರು ಪಡೆದ ಮನೆಗಳಿವೆ.

ಆಸ್ಟ್ರೇಲಿಯದ ಡಕಾಯಿತ ನೆಡ್ ಕೆಲ್ಲಿಯ ತಂದೆ ಟಿಪ್ಪೆರರಿಯಿಂದ 1841ರಲ್ಲಿ ಗಡೀಪಾರಾದವನು. ನಟಿ ಗ್ರೇಸ್ ಕೆಲ್ಲಿಯ ಅಜ್ಜ ಮೇಯೋ ಕೌಂಟಿಯ ನ್ಯೂಪೋರ್ಟ್ ಹತ್ತಿರದ ಹಳ್ಳಿಯವನು. ಇಬ್ಬರನ್ನೂ ಒಂದೇ ವಂಶವೃಕ್ಷದಲ್ಲಿ ತೂಗುಹಾಕಿದ ಚಿತ್ರ ಕಂಡರೆ ಅದನ್ನು ಅಲ್ಲೇ ಬಿಡಿ.

ನಿಮ್ಮ ಊರನ್ನು ನಕ್ಷೆಯಲ್ಲಿ ಗುರುತು ಮಾಡಿ, ಹತ್ತಿರದ ಕುಲ ಯಾವುದು ನೋಡಿ. ಆಮೇಲೆ ಬರೆಯುವಾಗ ‘ಬಹುಶಃ’ ಅನ್ನುವ ಪದ ಹಾಕಿ. ಪಶ್ಚಿಮದ ಎಷ್ಟೋ ಪ್ಯಾರಿಷ್‌ಗಳ ರಿಜಿಸ್ಟರ್ 1820ರ ಆಚೀಚೆ ಶುರುವಾಗುತ್ತದೆ, ಕುಲದ ಹೆಸರು ಹುಟ್ಟಿದ್ದು 1000ದ ಆಸುಪಾಸಿನಲ್ಲಿ. ನಡುವೆ 800 ವರ್ಷದ ಕಂದಕ. ಅದನ್ನು ಕಾಗದದ ಸೇತುವೆ ಕಟ್ಟಿ ದಾಟಿದವರು ಬೆರಳೆಣಿಕೆಯ ಜಮೀನ್ದಾರ ಮನೆಗಳವರು ಮಾತ್ರ. ಗಂಡುಮಕ್ಕಳ ಸಾಲಿನ ವೈ-ಡಿಎನ್‌ಎ ಪರೀಕ್ಷೆ ಸ್ವಲ್ಪ ನೆರವಾಗಬಹುದು, ಆದರೆ ಅದೇ ಹೆಸರಿನ, ಊರು ಖಚಿತವಾಗಿ ಗೊತ್ತಿರುವ ಬೇರೆಯವರ ಜೊತೆ ಹೋಲಿಸಿದಾಗ ಮಾತ್ರ. ಒಬ್ಬರೇ ಮಾಡಿಸಿಕೊಂಡರೆ ಕುಲದ ಮಟ್ಟಿಗೆ ಏನೂ ಗೊತ್ತಾಗುವುದಿಲ್ಲ.

5. ಈಗ ಅರ್ಥ

ಸಿಗುವ ಅರ್ಥ ನಿಮ್ಮ ಮನೆತನದ್ದಲ್ಲ, ಮೂಲಪುರುಷನ ಹೆಸರಿನದು. ಧೈರ್ಯಶಾಲಿ ಅನ್ನುವ ಅರ್ಥದ ಹೆಸರಿಟ್ಟುಕೊಂಡವನು ಪುಕ್ಕಲ ಆಗಿರಬಹುದು. ನಮ್ಮಲ್ಲಿ ಭೀಮಪ್ಪ ಎಲ್ಲರೂ ದಪ್ಪಗಿರುತ್ತಾರಾ?

ಕ್ಯಾಲಖ್‌ಗೆ ಕೋಶಗಳಲ್ಲಿ ಮೂರು ವಿವರಣೆ ಓಡಾಡುತ್ತವೆ. ಹಳೆಯ ಐರಿಶ್‌ನಲ್ಲಿ ಅದೇ ರೂಪದ ಪದಕ್ಕೆ ಜಗಳ, ಕದನ ಅಂತ ಅರ್ಥ ಇದೆ. ‘ಕ್ಯಾಲ್’ ಅಂದರೆ ಚರ್ಚು, ಆದ್ದರಿಂದ ಚರ್ಚಿಗೆ ಹೋಗಿ ಬಂದು ಮಾಡುವವನು ಅಂತ ಕೆಲವರು. ಹೊಳೆಯುವ ತಲೆಯವನು ಅಂತ ಇನ್ನು ಕೆಲವರು. ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ನೀವು ಮೂರನ್ನೂ ಬರೆಯಿರಿ. ಒಂದೇ ಅರ್ಥವನ್ನು ಆತ್ಮವಿಶ್ವಾಸದಿಂದ ಕೊಡುವ ಪುಟಕ್ಕಿಂತ ಮೂರು ಕೊಟ್ಟು ತಡವರಿಸುವ ಪುಟವನ್ನೇ ನಾನು ಜಾಸ್ತಿ ನಂಬುತ್ತೇನೆ.

ಈಗಿನ ಐರಿಶ್ ನಿಘಂಟಿನಲ್ಲಿ ಹುಡುಕುವುದು ಇಲ್ಲಿ ಸಾಮಾನ್ಯ ತಪ್ಪು. ಹೆಸರು ಸಾವಿರ ವರ್ಷದ ಹಿಂದಿನದು, ಪದದ ಅರ್ಥ ಅಷ್ಟರಲ್ಲಿ ಎಲ್ಲಿಗೋ ಹೋಗಿರುತ್ತದೆ. ರಾಯಲ್ ಐರಿಶ್ ಅಕಾಡೆಮಿಯ ಹಳೆಯ ಐರಿಶ್ ಕೋಶ ಆನ್‌ಲೈನ್‌ನಲ್ಲಿ ಇಡಿಲ್ ಅಂತ ಬಿಟ್ಟಿ ಸಿಗುತ್ತದೆ, ಅದನ್ನೇ ನೋಡಿ. ಹುಡುಕುವಾಗ ‘ಓ’, ‘ಮ್ಯಾಕ್’ ತೆಗೆದು, ಷಷ್ಠಿ ಬಿಚ್ಚಿ, ಮೂಲ ರೂಪ ಹಾಕಬೇಕು.

6. ಈಗ ಎಲ್ಲೆಲ್ಲಿ ಇದ್ದಾರೆ: ಲೆಕ್ಕ ಹಾಕುವ ಬಗೆ

ಮೊದಲು ಒಂದು ಹಳೆಯ ತಳಪಾಯ ಹಾಕಿಕೊಳ್ಳಿ. ಅದೇ ಮ್ಯಾಥ್ಸನ್ 1894ರಲ್ಲಿ ಒಂದು ವರದಿ ತಂದ. 1890ರಲ್ಲಿ ನೋಂದಣಿಯಾದ ಹುಟ್ಟುಗಳನ್ನು ಸರ್‌ನೇಮ್ ಪ್ರಕಾರ ಎಣಿಸಿದ್ದ. ಕೆಲ್ಲಿ ಮಕ್ಕಳು 1,238. ಇದನ್ನು ಸುಮಾರು 45ರಿಂದ ಗುಣಿಸಿದರೆ ಇಡೀ ದ್ವೀಪದಲ್ಲಿ ಅಂದಾಜು 55,900 ಕೆಲ್ಲಿಗಳು. ಮರ್ಫಿ 62,600, ಅದು ಮೊದಲು, ಕೆಲ್ಲಿ ಎರಡನೆಯದು. ಈ ಗುಣಾಕಾರ ದೊಡ್ಡ ಹೆಸರಿಗೆ ಸರಿ. ಆ ವರ್ಷ ಐದೇ ಮಕ್ಕಳು ಹುಟ್ಟಿದ ಹೆಸರಿಗೆ ಇದೇ ಲೆಕ್ಕ ಹಾಕಿ 225 ಜನ ಅಂದರೆ ಅದು ಬರೀ ಊಹೆ, ಮುಂದಿನ ವರ್ಷ ಎರಡೇ ಮಕ್ಕಳು ಹುಟ್ಟಿದ್ದರೆ 90 ಆಗುತ್ತಿತ್ತು.

ಆಮೇಲೆ 1911ರ ಜನಗಣತಿಯಲ್ಲಿ ಕೌಂಟಿ ಕೌಂಟಿಯಾಗಿ ಎಣಿಸಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, ಬರಿಯ ಸಂಖ್ಯೆ ನೋಡುವುದು. ಯಾವ ಹೆಸರು ಹಾಕಿದರೂ ಡಬ್ಲಿನ್ ಮೇಲೆ ಬರುತ್ತದೆ, ಜನ ಅಲ್ಲೇ ಜಾಸ್ತಿ ಅಲ್ವಾ. ಬೇಕಾದ್ದು ಹತ್ತು ಸಾವಿರ ಜನಕ್ಕೆ ಎಷ್ಟು ಅನ್ನುವ ಲೆಕ್ಕ. ಸುಮ್ನೆ ಒಂದು ಕಾಲ್ಪನಿಕ ಲೆಕ್ಕ ನೋಡಿ: ನಾಲ್ಕು ಲಕ್ಷ ಜನರ ಕೌಂಟಿಯಲ್ಲಿ 4,000 ಜನ ಇದ್ದರೆ ಹತ್ತು ಸಾವಿರಕ್ಕೆ 100. ಒಂದು ಲಕ್ಷ ಜನರ ಕೌಂಟಿಯಲ್ಲಿ 1,500 ಇದ್ದರೆ ಹತ್ತು ಸಾವಿರಕ್ಕೆ 150. ಹೆಸರಿನ ತವರು ಎರಡನೆಯ ಕಡೆ ಇರುವ ಸಂಭವ ಜಾಸ್ತಿ. ಕೆಲ್ಲಿಯನ್ನು ಹೀಗೆ ಇಳಿಸಿ ನೋಡಿದರೆ ಡಬ್ಲಿನ್ ಹಿಂದೆ ಸರಿದು ಗಾಲ್ವೇ, ರಾಸ್ಕಾಮನ್ ಎದ್ದು ಕಾಣುತ್ತವೆ.

ಈಗಿನ ಐರ್ಲೆಂಡ್ ಅಂಕಿಅಂಶ ತೆಗೆದುಕೊಳ್ಳುವಾಗ ಅದು ಗಣರಾಜ್ಯದ್ದೋ, ಉತ್ತರ ಐರ್ಲೆಂಡ್ ಸೇರಿಸಿದ್ದೋ ನೋಡಿ. ಆಂಟ್ರಿಮ್, ಆರ್ಮಾ, ಡೆರಿ, ಡೌನ್, ಫರ್ಮಾನಾ, ಟಿರೋನ್ ಈ ಆರು ಕೌಂಟಿಗಳ ಲೆಕ್ಕ ಬೇರೆ ಸರ್ಕಾರದ್ದು. ಮ್ಯಾಥ್ಸನ್‌ನ ಇಡೀ ದ್ವೀಪದ ಸಂಖ್ಯೆಯ ಪಕ್ಕದಲ್ಲಿ 26 ಕೌಂಟಿಯ ಸಂಖ್ಯೆ ಇಟ್ಟು ‘ಕೆಲ್ಲಿಗಳು ಕಡಿಮೆಯಾದರು’ ಅಂತ ಬರೆದ ಪುಟಗಳನ್ನು ನಾನೇ ನೋಡಿದ್ದೇನೆ.

ಹೊರದೇಶದ್ದು ಬಂದಾಗ ಇತಿಹಾಸ ನೆನಪಿರಲಿ. 1845ರಿಂದ 1852ರ ಆಲೂಗಡ್ಡೆ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಆದ್ದರಿಂದ ಈಗ ಐರ್ಲೆಂಡ್‌ಗಿಂತ ಅಮೆರಿಕದಲ್ಲೇ ಕೆಲ್ಲಿಗಳು ಜಾಸ್ತಿ. ಅಮೆರಿಕದ ಜನಗಣತಿ ಇಲಾಖೆ 2010ರ ಲೆಕ್ಕದಲ್ಲಿ ನೂರು ಸಲಕ್ಕೆ ಕಡಿಮೆ ಇಲ್ಲದೆ ಬಂದ ಎಲ್ಲ ಸರ್‌ನೇಮ್‌ಗಳ ಪಟ್ಟಿ ಬಿಟ್ಟಿ ಕೊಡುತ್ತದೆ. ಅಲ್ಲಿನ ಕೆಲ್ಲಿಗಳಲ್ಲಿ ಗಣನೀಯ ಪಾಲು ಕಪ್ಪು ಅಮೆರಿಕನ್ನರು. ಹೆಸರಿನ ಹರಡಿಕೆ ಬೇರೆ, ರಕ್ತದ ಹರಡಿಕೆ ಬೇರೆ. ಗುಲಾಮಗಿರಿ, ಮದುವೆ, ದತ್ತು ಎಲ್ಲ ದಾರಿಯಲ್ಲೂ ಹೆಸರು ಓಡಾಡಿದೆ.

ಜಗತ್ತಿನ ಎಲ್ಲ ದೇಶಕ್ಕೂ ಸರ್‌ನೇಮ್ ಸಂಖ್ಯೆ ಕೊಡುವ ತಾಣಗಳಿವೆ. ನಕ್ಷೆ ಚೆನ್ನಾಗಿರುತ್ತದೆ, ಒಂದು ಅಂದಾಜಿಗೆ ಪರವಾಗಿಲ್ಲ. ಆದರೆ ಕೊನೆಯ ಅಂಕಿಯವರೆಗೂ ಕೊಟ್ಟ ಆ ಸಂಖ್ಯೆಗಳು ಎಣಿಕೆಯಲ್ಲ, ಅಂದಾಜು. ನಿಮ್ಮ ಶೀಟಿನಲ್ಲಿ ಹಾಕುವಾಗ ‘ಅಂದಾಜು’ ಅಂತಲೇ ಬರೆಯಿರಿ.

7. ಕೆಂಪು ಬಾವುಟಗಳು

ಅಂಕಲ್ ಮನೆಯ ಹಾಲ್‌ನಲ್ಲಿ ಗೋಡೆಗೆ ಒಂದು ಫ್ರೇಮು ಇತ್ತು. ಮಗ ಯಾವುದೋ ದೇಶದ ಅಂಗಡಿಯಿಂದ ತಂದದ್ದು. ‘ಕೆಲ್ಲಿ ಕುಟುಂಬದ ಲಾಂಛನ’. ಮೇಲೆ ಒಂದು ವಿಚಿತ್ರ ಪ್ರಾಣಿ: ನರಿಯ ತಲೆ, ಹದ್ದಿನ ಮುಂಗಾಲು, ತೋಳದ ಹಿಂಭಾಗ. ಅದರ ಹೆಸರು ಎನ್‌ಫೀಲ್ಡ್. ಕ್ಲಾಂಟಾರ್ಫ್‌ನಲ್ಲಿ ತೈಗ್ ಮೋರ್ ಬಿದ್ದಾಗ ಅವನ ಹೆಣ ಕಾಯಲು ಸಮುದ್ರದಿಂದ ಎದ್ದು ಬಂದ ಪ್ರಾಣಿ ಅಂತ ಕಥೆ. ಅದನ್ನು ನೋಡಿದ್ದೇ ತಡ, ‘ಅಂಕಲ್, ನೀವು ಗಾಲ್ವೇ ರಾಜರ ಕಡೆಯವರು’ ಅಂದುಬಿಟ್ಟೆ. ಇದು ನಾನು ಬಿದ್ದ ಇನ್ನೊಂದು ಗುಂಡಿ. ಅವರು ಮೂರು ವಾರ ಅದನ್ನು ಚರ್ಚಿನಲ್ಲಿ ಎಲ್ಲರಿಗೂ ಹೇಳಿದ ಮೇಲೆ ಬಿಸ್ಕೆಟ್ ಡಬ್ಬಿ ತೆರೆದುಕೊಂಡಿತು.

ಲಾಂಛನ ಸರ್‌ನೇಮಿಗೆ ಸೇರಿದ್ದಲ್ಲ, ವ್ಯಕ್ತಿಗೆ ಸೇರಿದ್ದು. ಐರ್ಲೆಂಡ್‌ನಲ್ಲಿ 1552ರಿಂದ ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್ ಎಂಬ ಅಧಿಕಾರಿ, 1943ರಿಂದ ಚೀಫ್ ಹೆರಾಲ್ಡ್ ಅದನ್ನು ನೋಡಿಕೊಳ್ಳುತ್ತಾರೆ. ಸ್ಕಾಟ್ಲೆಂಡ್‌ನಲ್ಲಿ ಲಾರ್ಡ್ ಲಯನ್. ಅಂಗಡಿಯ ಫ್ರೇಮಿಗೆ ಇವರಾರ ಸಂಬಂಧವೂ ಇಲ್ಲ.

ಇನ್ನು ಕೆಲವು ಗುರುತುಗಳು. ಹೆಸರಿಗೆ ‘ಒಬ್ಬನೇ ಮೂಲಪುರುಷ’ ಅಂತ ಖಡಾಖಂಡಿತ ಹೇಳುವ ಪುಟ. ಗೇಲಿಕ್ ರೂಪವನ್ನೇ ಕೊಡದೆ ಅರ್ಥ ಕೊಡುವ ಪುಟ. ಐರಿಶ್ ಮನೆತನಕ್ಕೆ ‘ಪ್ರಾಚೀನ’ ಟಾರ್ಟನ್, ಅಂದರೆ ಸ್ಕಾಟ್ಲೆಂಡ್ ಥರದ ಚೌಕಳಿ ಬಟ್ಟೆ, ಮಾರುವವರು. ಯಾರೋ ಅಪರಿಚಿತರು ಹಾಕಿದ ವಂಶವೃಕ್ಷದಲ್ಲಿ 1600ಕ್ಕಿಂತ ಹಿಂದಿನ ರೈತ ಅಜ್ಜಂದಿರ ಹುಟ್ಟಿದ ದಿನಾಂಕ. ಇವುಗಳಲ್ಲಿ ಒಂದು ಕಂಡರೂ ಪುಟ ಮುಚ್ಚಿ.

8. ಬರೆದಿಡಿ

ಕೊನೆಯಲ್ಲಿ ಅರ್ಧ ಪುಟ ಸಾಕು. ಖಚಿತ ಆದದ್ದು ಮೊದಲು, ಊಹೆ ಆಮೇಲೆ, ಎರಡನ್ನೂ ಕಲಸಬೇಡಿ. ಅಂಕಲ್‌ಗೆ ಬರೆದುಕೊಟ್ಟದ್ದು ಹೀಗಿತ್ತು:

‘ಮೊದಲು ಸಿಗುವ ಪೂರ್ವಜ ಸೈನಿಕ, ಹುಟ್ಟಿದ್ದು ಅಬೀಲೀಶ್ ಪ್ಯಾರಿಷ್, ಆಗಿನ ಕ್ವೀನ್ಸ್ ಕೌಂಟಿ, ಈಗಿನ ಲೀಶ್. ಆಧಾರ ಅವನ ನಿವೃತ್ತಿ ಕಾಗದ. ಗೇಲಿಕ್ ರೂಪ ಬಹುಶಃ ಓ ಕ್ಯಾಲಿ, ಲೀಶ್ ಕುಲ. ಅದೇ ಕೌಂಟಿಯ ಓ ಕೀಲಿ ಆಗಿರುವ ಸಾಧ್ಯತೆ ತಳ್ಳಿಹಾಕಿಲ್ಲ. ಗಾಲ್ವೇಯ ಈ ವಾನ್ಯ ಕುಲದ ಜೊತೆ ಸಂಬಂಧಕ್ಕೆ ಆಧಾರ ಇಲ್ಲ. ಮೂಲ ಹೆಸರು ಕ್ಯಾಲಖ್. ಅರ್ಥ: ಕದನ, ಚರ್ಚಿನವನು, ಹೊಳೆಯುವ ತಲೆಯವನು, ಮೂರೂ ವಾದಗಳಿವೆ. ಮುಂದೆ ನೋಡಬೇಕಾದ್ದು: ಅಬೀಲೀಶ್ ರಿಜಿಸ್ಟರ್, ಗ್ರಿಫಿತ್ ಪಟ್ಟಿಯಲ್ಲಿ ಅದೇ ಪ್ಯಾರಿಷ್‌ನ ಕೆಲ್ಲಿ ಮತ್ತು ಕೀಲಿ ಹಿಡುವಳಿದಾರರು.’

ಅಂಕಲ್ ಕನ್ನಡಕ ಏರಿಸಿ ಎರಡು ಸಲ ಓದಿದರು. ‘ಹಾಗಾದರೆ ರಾಜ ಇಲ್ಲ?’ ಅಂದರು. ಇಲ್ಲ ಅಂಕಲ್ ಅಂದೆ. ಫ್ರೇಮು ಇನ್ನೂ ಗೋಡೆಯಲ್ಲೇ ಇದೆ, ಪ್ರಾಣಿ ಚೆನ್ನಾಗಿದೆಯಂತೆ. ಕಾಗದದ ಜೆರಾಕ್ಸ್ ಮಾತ್ರ ಬಿಸ್ಕೆಟ್ ಡಬ್ಬಿಯಿಂದ ಎದ್ದು ಲ್ಯಾಮಿನೇಟ್ ಆಗಿದೆ. ಲ್ಯಾಮಿನೇಟ್ ಮಾಡಿಸಬೇಡಿ ಅಂತ ಮೊದಲೇ ಹೇಳಬೇಕಿತ್ತು. ನಿಮ್ಮ ಮನೆಯಲ್ಲಿ ಇರುವುದು ಅಸಲಿ ಹಾಳೆಯಾದರೆ ಅದನ್ನು ಬಿಸಿ ಪ್ಲಾಸ್ಟಿಕ್ಕಿಗೆ ಕೊಡಬೇಡಿ. ಸ್ಕ್ಯಾನ್ ಮಾಡಿಸಿ, ಆಮ್ಲರಹಿತ ಕವರಿನಲ್ಲಿ ಹಾಕಿ, ತೇವ ತಾಗದ ಕಡೆ ಇಡಿ.